ಬ್ರೇಕು ಬಿಡಿಸಿದ ವಿಜ್ಞಾನಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದು ನಿಂತವರಿಗೆ ಇದು ತಿಳಿದ ಸಂಗತಿ. ಎಂಜಿನ್ನಿಗೆ ಎಷ್ಟೇ ಶಕ್ತಿಯಿರಲಿ, ಡಬ್ಬಿಗಳ ಬ್ರೇಕು ಬಿಗಿದಿದ್ದರೆ ಗಾಡಿ ಸರಿಯದು. ಆಗ ಎರಡನೆಯ ಎಂಜಿನ್ನು ತಂದು ಫಲವಿಲ್ಲ, ಬ್ರೇಕು ಬಿಡಿಸಬೇಕು. ಅರ್ಬುದರೋಗದ, ಅಂದರೆ ಕ್ಯಾನ್ಸರಿನ, ವಿಷಯದಲ್ಲಿ ಇದೇ ಮಾತನ್ನು ಹಿಡಿದು ಹೆಣಗಿದ ಡಾ. ಜೇಮ್ಸ್ ಆಲಿಸನ್ನರ ಪರಿಚಯವನ್ನು ತಮಗೆ ಮಾಡಿಕೊಡಬೇಕೆಂದಿದ್ದೇನೆ.

ಆಲಿಸನ್ ಹುಟ್ಟಿದ್ದು ೧೯೪೮ರಲ್ಲಿ, ಅಮೆರಿಕೆಯ ಟೆಕ್ಸಸ್ ಪ್ರಾಂತದ ಆಲಿಸ್ ಎಂಬ ಸಣ್ಣ ಊರಿನಲ್ಲಿ. ಹುಡುಗನಾಗಿದ್ದಾಗಲೇ ತಾಯಿಯನ್ನು ಕ್ಯಾನ್ಸರ್ ಒಯ್ದಿತು. ಸೋದರಮಾವಂದಿರಿಬ್ಬರೂ ಅದಕ್ಕೇ ತುತ್ತಾದರು. ಹುಡುಗ ಹಟಮಾರಿ. ಜೀವವಿಕಾಸವನ್ನೇ ಬಿಟ್ಟು ಜೀವಶಾಸ್ತ್ರ ಹೇಳುವ ತರಗತಿಗೆ ಕೂಡಲಾರೆನೆಂದು ಅಂಚೆಯ ಮೂಲಕ ಆ ಪಾಠ ಓದಿಕೊಂಡ! ೧೯೭೩ರಲ್ಲಿ ಡಾಕ್ಟರೇಟು ಬಂತು. ಹಾರ್ಮೋನಿಕಾ ಎಂಬ ಬಾಯಿವಾದ್ಯದ ಗೀಳೂ ಅವರಿಗುಂಟು. ಅದನ್ನು ಅವರು ಎಂದೂ ಬಿಟ್ಟಿಲ್ಲ.

ನಮ್ಮ ರಕ್ತದಲ್ಲಿ 'ಟಿ' ಜೀವಕೋಶಗಳೆಂಬ ಕಾವಲುಗಾರರಿದ್ದಾರೆ. ಹೊರಗಿನ ವೈರಿಯನ್ನು ಗುರುತಿಸಿ ಕೊಲ್ಲುವುದು ಅವರ ಕೆಲಸ. ಆದರೆ ಕ್ಯಾನ್ಸರಿನ ಎದುರು ಅವರು ಅನೇಕ ವೇಳೆ ಸುಮ್ಮನೆ ನಿಲ್ಲುವುದೇಕೆ? ಈ ಕಾವಲುಗಾರರ ಮೈಮೇಲೆ ಸಿ.ಟಿ.ಎಲ್.ಎ.-೪ ಎಂಬ ಒಂದು ಬ್ರೇಕು ಇದೆಯೆಂದು ಕೆಲವು ಪ್ರಯೋಗಶಾಲೆಗಳು ಕಂಡುಕೊಂಡವು. ಆಲಿಸನ್ನರದೂ ಅವುಗಳಲ್ಲಿ ಒಂದು. ಬೇರೆಯವರು ಅದನ್ನು ಇನ್ನಷ್ಟು ಬಿಗಿಗೊಳಿಸಿ, ದೇಹ ತನ್ನನ್ನೇ ಹೊಡೆದುಕೊಳ್ಳುವ ರೋಗಗಳಿಗೆ ಮದ್ದು ಹುಡುಕಹೊರಟರು. ಆಲಿಸನ್ ತಿರುಗಿ ಯೋಚಿಸಿದರು: ಬ್ರೇಕು ಬಿಡಿಸಿದರೆ?

೧೯೯೪ರ ಕೊನೆಗೆ ಗಡ್ಡೆಯಿದ್ದ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಬ್ರೇಕನ್ನು ತಡೆದ ಇಲಿಗಳಲ್ಲಿ ಗಡ್ಡೆ ಕರಗಿತು. ನಂಬಲಾರದೆ, ಕ್ರಿಸ್ಮಸ್ ರಜೆಯಲ್ಲೇ ಮತ್ತೊಮ್ಮೆ ಮಾಡಿ ನೋಡಿದರು. ಅದೇ ಫಲ. ೧೯೯೬ರಲ್ಲಿ ಲೇಖನ ಪ್ರಕಟವಾಯಿತು. ಔಷಧ ಕಂಪನಿಗಳು ಮಾತ್ರ ಬಹುಕಾಲ ಮೂಗು ಮುರಿದವು. ಇಪಿಲಿಮುಮ್ಯಾಬ್ ಎಂಬ ಮದ್ದಿಗೆ ಅಮೆರಿಕೆಯಲ್ಲಿ ಅನುಮತಿ ದೊರೆತದ್ದು ೨೦೧೧ರಲ್ಲಿ, ಹದಿನೈದು ವರ್ಷಗಳ ಮೇಲೆ. ಜಪಾನಿನ ಡಾ. ತಾಸುಕು ಹೊಂಜೊ ಪಿ.ಡಿ.-೧ ಎಂಬ ಇನ್ನೊಂದು ಬ್ರೇಕನ್ನು ೧೯೯೨ರಲ್ಲಿಯೇ ಕಂಡಿದ್ದರು. ೨೦೧೮ರ ನೊಬೆಲ್ ಪಾರಿತೋಷಕ ಇಬ್ಬರಿಗೂ ಸಂದಿತು.

ಬ್ರೇಕು ಬೇಡದ ವಸ್ತುವೆಂದು ಮಾತ್ರ ತಿಳಿಯಬೇಡಿ. ಹುಟ್ಟಿನಿಂದಲೇ ಸಿ.ಟಿ.ಎಲ್.ಎ.-೪ ಇಲ್ಲದ ಇಲಿಮರಿಗಳು ಮೂರು ನಾಲ್ಕು ವಾರಗಳಲ್ಲೇ ಸತ್ತವು. ಮದ್ದು ಪಡೆದ ರೋಗಿಗಳಲ್ಲಿಯೂ ಕಾವಲುಗಾರರು ಕರುಳು, ಯಕೃತ್ತುಗಳ ಮೇಲೆ ತಿರುಗಿಬೀಳುವುದುಂಟು. ಎಲ್ಲರಿಗೂ ಗುಣ ಕಾಣುವುದೂ ಇಲ್ಲ.

ಇದೆಲ್ಲ ದೂರದ ಕಥೆ, ಸೇಡಂ ಚಿತ್ತಾಪುರಗಳ ಮನೆಗೇನು ಬಂತು ಎನ್ನುವಿರಾ? ಈ ಮದ್ದಿನ ಬೆಲೆ ಲಕ್ಷಗಟ್ಟಲೆ. ಹೊಲ ಮಾರಿದರೂ ಸಾಲದು. ನಮ್ಮಲ್ಲಿ ತಂಬಾಕು, ಗುಟಕಾ ತಿನ್ನುವವರಿಗೆ ಬರುವುದು ಹೆಚ್ಚಾಗಿ ಬಾಯಿಯ ಕ್ಯಾನ್ಸರು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಬಾಯಿ, ಗಂಟಲುಗಳ ಕ್ಯಾನ್ಸರು ಬಲಿತು, ಪೂರ್ತಿ ಗುಣವಾಗುವ ಹಂತ ದಾಟಿದವರ ಮೇಲೆ ಒಂದು ಪರೀಕ್ಷೆ ನಡೆಸಿದರು. ಹೊಂಜೊ ಕಂಡ ಬ್ರೇಕನ್ನು ಬಿಡಿಸುವ ನಿವೋಲುಮ್ಯಾಬನ್ನು ರೂಢಿಯ ಪ್ರಮಾಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಮಾಡಿ, ಅಗ್ಗದ ಗುಳಿಗೆಗಳೊಡನೆ ಕೊಟ್ಟರು. ೨೦೨೨ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಬರಿಯ ಗುಳಿಗೆ ನುಂಗಿದವರಲ್ಲಿ ಒಂದು ವರ್ಷ ಬದುಕಿದ್ದವರು ನೂರಕ್ಕೆ ೧೬; ಸ್ವಲ್ಪ ನಿವೋಲುಮ್ಯಾಬನ್ನೂ ಪಡೆದವರಲ್ಲಿ ೪೩. ನನ್ನ ಮಟ್ಟಿಗೆ ಇದು ನೊಬೆಲ್ಲಿಗಿಂತ ಸಣ್ಣ ಸುದ್ದಿಯಲ್ಲ.

ಬಾಯಲ್ಲಿ ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ತುತ್ತಿಗೆ ಬಾಯಿ ತೆರೆಯಲಾಗದಿರುವುದು, ಇವು ಕಂಡರೆ ಬ್ರೇಕಿನ ಮದ್ದಿಗೆ ಕಾಯಬೇಕಾಗಿಲ್ಲ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ಎಷ್ಟೋ ಮಂದಿಯನ್ನು ಉಳಿಸುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ಶಹಾಬಾದಿನವರಿಗೆ, ವಾಡಿಯವರಿಗೆ ಗಾಡಿಯುಂಟು. ಸೇಡಂ, ಚಿತ್ತಾಪುರದವರು ವಾಡಿಯ ಮೇಲೆ ಹೋಗಬಹುದು. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರು ಬೆಳಗಿನ ಬಸ್ಸು ಹಿಡಿಯುವುದು ಒಳ್ಳೆಯದು.