ಮನೆಯೊಳಗಿನ ಹದ್ದುಬಸ್ತು
(ಬಾನುಲಿ ಭಾಷಣ)



ಆಲೂರು, ಸಕಲೇಶಪುರದ ಕಾಫಿ ತೋಟಗಳ ನಡುವೆ ಬದುಕುವವರ ಕಿವಿಗೆ ದಿನವೂ ಬೀಳುವ ಮಾತೊಂದಿದೆ: "ಹೊತ್ತು ಮುಳುಗಿತು, ಹೊರಗೆ ಹೋಗಬೇಡ, ಆನೆ ಇದೆ." ಇದು ಅಕ್ಕರೆಯ ಮಾತು. ಆನೆಯ ಕಾಟವನ್ನು ಕಂಡುಂಡವರು ಇದನ್ನು ಕಡೆಗಣಿಸಲಾರರು. ಆದರೆ ಗಂಡನಾದವನು ಹಗಲು ಹನ್ನೊಂದು ಗಂಟೆಗೂ ಹೆಂಡತಿಗೆ ಇದನ್ನೇ ಹೇಳಿದರೆ? ಸಂತೆಗೆ, ತವರಿಗೆ, ಸ್ತ್ರೀಶಕ್ತಿ ಸಂಘದ ಸಭೆಗೆ ಹೊರಟಾಗಲೂ ಇದೇ ಮಾತು ಅಡ್ಡಬಂದರೆ? ಆಗ ಎಚ್ಚರಿಕೆಯೇ ಬೇಲಿಯಾಗುತ್ತದೆ. ಎರಡಕ್ಕೂ ಶಬ್ದ ಒಂದೇ. ಅರ್ಥ ಮಾತ್ರ ಬೇರೆ.

ಇಂಥ ಬೇಲಿಗೆ ನಮ್ಮ ಜನ ಬಹಳ ಹಿಂದೆಯೇ ಒಂದು ಹೆಸರಿಟ್ಟಿದ್ದಾರೆ: ಹದ್ದುಬಸ್ತು. ಇದು ಭೂಮಾಪನ ಇಲಾಖೆಯ ಪದ. ಜಮೀನಿನ ಎಲ್ಲೆಯನ್ನು ಅಳೆದು ಗುರುತಿಸುವ ಕಾರ್ಯಕ್ಕೆ ಸಲ್ಲುವಂಥದು. "ಅವನು ಹೆಂಡತಿಯನ್ನು ಹದ್ದುಬಸ್ತಿನಲ್ಲಿಟ್ಟಿದ್ದಾನೆ" ಎಂದು ನಾವು ಹೇಳುವಾಗ ದನಿಯಲ್ಲಿ ಮೆಚ್ಚುಗೆಯೇ ಇರುತ್ತದೆ. ಹೊಲಕ್ಕೆ ಸಲ್ಲುವ ಮಾತನ್ನು ಮನುಷ್ಯಳಿಗೆ ಅನ್ವಯಿಸಿದ್ದೇವೆಂಬ ಅಳುಕು ನಮ್ಮನ್ನು ಬಾಧಿಸಿಲ್ಲ. ಅಮೆರಿಕದ ಸಮಾಜವಿಜ್ಞಾನಿ ಇವಾನ್ ಸ್ಟಾರ್ಕ್ ೨೦೦೭ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನೇ ಬಲವಂತದ ನಿಯಂತ್ರಣವೆಂದು ವಿವರಿಸಿದರು. ಹೊಡೆತ ಬೀಳಲೇಬೇಕೆಂದಿಲ್ಲ. ಹಣ, ಓಡಾಟ, ಗೆಳೆತನ, ದೂರವಾಣಿ ಇವುಗಳನ್ನೆಲ್ಲ ಒಬ್ಬನೇ ಹಿಡಿದಿಟ್ಟುಕೊಂಡು ಇನ್ನೊಬ್ಬಳ ಬಾಳನ್ನು ದಿನದಿನಕ್ಕೆ ಕಿರಿದಾಗಿಸುವುದೇ ಅದರ ಲಕ್ಷಣ.

ಇದು ಅಪರಾಧವೇ? ಇದಕ್ಕೆ ದಂಡಶಾಸನವೇ ತಕ್ಕ ಉತ್ತರವೇ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡವನಲ್ಲ. ಹಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಆಲೂರಿನ ಕಡೆಯ ತೋಟದ ಮನೆಯೊಂದಕ್ಕೆ ಅವಳನ್ನು ಕೊಟ್ಟಿದ್ದರು. ಗಂಡ ಕೈಯೆತ್ತಿದವನಲ್ಲ, ಕುಡುಕನೂ ಅಲ್ಲ. ಆದರೆ ಬಸ್ಸಿನ ಚಾರ್ಜಿಗೂ ಲೆಕ್ಕ ಒಪ್ಪಿಸಬೇಕು. ಯಾರೊಡನೆ ಮಾತನಾಡಿದಳೆಂದು ದಿನವೂ ವರದಿ ಕೊಡಬೇಕು. ಅವಳ ಪದವಿಯ ಪತ್ರಗಳು ಅವನ ಬೀರುವಿನಲ್ಲಿ, ಬೀಗದ ಕೈ ಅವನ ಜೇಬಿನಲ್ಲಿ. "ಸಾರ್, ಅವರನ್ನ ಜೈಲಿಗೆ ಹಾಕಿಸೋದು ಬೇಡ. ನನ್ನ ಮಾರ್ಕ್ಸ್ ಕಾರ್ಡು ನನ್ನ ಕೈಗೆ ಬಂದ್ರೆ ಸಾಕು" ಎಂದಳು. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದೆ. ಕಾಫಿ ಕುಡಿದು ಹೊರಟುಹೋದಳು. ಮತ್ತೆ ಬರಲಿಲ್ಲ. ಅವಳು ಕೇಳಿದ್ದನ್ನು ಕೊಡಿಸಬಲ್ಲ ಕಾಯ್ದೆಯೊಂದು ಆಗಲೇ ಜಾರಿಯಲ್ಲಿತ್ತೆಂಬುದು ಕನ್ನಡ ಎಂ.ಎ. ಮಾಡಿದ ನನಗೆ ತಿಳಿದಿರಲಿಲ್ಲ.

ಹೊರದೇಶಗಳಲ್ಲಿ ಕೆಲವು ಈ ನಡತೆಯನ್ನು ನೇರವಾಗಿ ಅಪರಾಧವೆಂದು ಸಾರಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ೨೦೧೫ರ ಕಾಯ್ದೆ ಇದಕ್ಕೆ ಐದು ವರ್ಷಗಳವರೆಗಿನ ಸೆರೆಯನ್ನು ವಿಧಿಸುತ್ತದೆ. ಸ್ಕಾಟ್ಲೆಂಡಿನಲ್ಲಿ ೨೦೧೯ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕಾಯ್ದೆಯ ಶಿಕ್ಷೆ ಇನ್ನೂ ಕಠಿಣವಾದುದು. ಬಿಡಿ ಘಟನೆಯೊಂದನ್ನಷ್ಟೇ ನೋಡದೆ, ನಡತೆಯ ಸರಣಿಯನ್ನೇ ನೋಡಬೇಕೆಂಬುದು ಈ ಶಾಸನಗಳ ಹಿರಿಮೆ.

ನಮ್ಮಲ್ಲಿ ೧೯೮೩ರಲ್ಲಿ ದಂಡಸಂಹಿತೆಗೆ ೪೯೮ಎ ಕಲಮು ಸೇರಿತು. ೨೦೨೪ರ ಜುಲೈ ೧ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ೮೫ ಮತ್ತು ೮೬ನೆಯ ಕಲಮುಗಳಾಗಿ ಮುಂದುವರಿದಿದೆ. ವರದಕ್ಷಿಣೆಯ ಸಾವುಗಳು ಮನೆಮನೆಯ ಸುದ್ದಿಯಾಗಿದ್ದ ಕಾಲದಲ್ಲಿ ಹುಟ್ಟಿದ ಕಲಮದು. ಅದರ ಅಗತ್ಯ ಇಂದಿಗೂ ತೀರಿಲ್ಲ. ಆದರೆ ಅಲ್ಲಿ ಕ್ರೌರ್ಯದ ಅರ್ಥವೇನು? ಹೆಣ್ಣನ್ನು ಆತ್ಮಹತ್ಯೆಗೆ ದೂಡುವಂಥ, ಅಥವಾ ಅವಳ ಜೀವಕ್ಕೆ, ಅಂಗಕ್ಕೆ, ದೇಹ ಮನಸ್ಸುಗಳ ಆರೋಗ್ಯಕ್ಕೆ ಗಂಭೀರ ಹಾನಿ ತರುವಂಥ ನಡತೆ. ಇಲ್ಲವೇ ಹಣ, ಆಸ್ತಿಗಾಗಿ ಕೊಡುವ ಕಿರುಕುಳ. ಅವಳು ಸಾವಿಗೆ ಎಷ್ಟು ಸಮೀಪದಲ್ಲಿದ್ದಾಳೆಂದು ಕಾನೂನು ಅಳೆಯುತ್ತದೆ. ಬಾಳಿನಿಂದ ಎಷ್ಟು ದೂರವಾಗಿದ್ದಾಳೆಂಬುದು ಆ ಅಳತೆಗೆ ಸಿಕ್ಕುವುದಿಲ್ಲ. ನನ್ನ ವಿದ್ಯಾರ್ಥಿನಿ ಸಾಯಹೊರಟವಳಲ್ಲ, ಬದುಕಹೊರಟವಳು.

ಹಾಗಾದರೆ ನಾವೂ ಹೊಸ ಅಪರಾಧವೊಂದನ್ನು ಸೃಷ್ಟಿಸಬೇಕೆ? ನನ್ನ ಮನಸ್ಸು ಅಲ್ಲಿ ತಡೆಯುತ್ತದೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪ ಸಂದೇಹಾತೀತವಾಗಿ ರುಜುವಾತಾಗಬೇಕು. ಒಂಟಿ ಮನೆಯಲ್ಲಿ ಸಾಕ್ಷಿ ಯಾರು? ಅತ್ತೆಯೇ, ಮಾವನೇ? ಗಂಡ ಠಾಣೆಗೆ ಹೋದ ದಿನ ಮನೆಯ ಸಂಪಾದನೆಯೂ ನಿಲ್ಲುತ್ತದೆ. ದೂರಿತ್ತವಳು ಮರಳಬೇಕಾದುದು ಅದೇ ಸೂರಿನಡಿಗೆ. ಆದುದರಿಂದ ಅನೇಕರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಹತ್ತಿದವರಲ್ಲಿಯೂ ಎಷ್ಟೋ ಜನ ದೂರಿನಿಂದ ಹಿಂದೆ ಸರಿಯುತ್ತಾರೆ.

ಇದಕ್ಕಿಂತ ವಿವೇಕದ ದಾರಿಯನ್ನು ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗಾಗಿ ೨೦೦೫ರಲ್ಲಿ ಬಂದ ಅಧಿನಿಯಮ ತೋರಿಸಿದೆ. ೨೦೦೬ರ ಅಕ್ಟೋಬರಿನಲ್ಲಿ ಜಾರಿಯಾದ ಅದು ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆಯನ್ನು ಹೆಸರಿಸಿ ಹೇಳುತ್ತದೆ. ಮ್ಯಾಜಿಸ್ಟ್ರೇಟರು ರಕ್ಷಣೆಯ ಆಜ್ಞೆಯನ್ನು ಕೊಡಬಹುದು. ಮನೆಯಲ್ಲಿ ವಾಸಿಸುವ ಹಕ್ಕನ್ನು, ಜೀವನಾಂಶವನ್ನು ಕೊಡಿಸಬಹುದು. ಅವಳ ಸ್ತ್ರೀಧನವನ್ನೂ ಸ್ವತ್ತನ್ನೂ ಹಿಂದಿರುಗಿಸೆನ್ನಬಹುದು. ತವರಿನಲ್ಲಿ ತಾತ್ಕಾಲಿಕವಾಗಿ ತಂಗಿದ್ದರೆ ಅಲ್ಲಿಯ ನ್ಯಾಯಾಲಯಕ್ಕೇ ಅರ್ಜಿ ಕೊಡಬಹುದು. ರಕ್ಷಣೆಯ ಆಜ್ಞೆಯನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆ, ಇಪ್ಪತ್ತು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಮೊದಲು ಆಜ್ಞೆ, ಆಜ್ಞೆ ಮುರಿದರೆ ಶಿಕ್ಷೆ. ಹೊಡೆತ, ಪ್ರಾಣಬೆದರಿಕೆ ಇದ್ದಲ್ಲಿ ಪೊಲೀಸರು ಕೂಡಲೇ ಬರಬೇಕೆಂಬುದು ಬೇರೆ ಮಾತು. ಹದ್ದುಬಸ್ತಿನ ಬಾಳಿಗಾದರೋ ಈ ಕ್ರಮವೇ ಸರಿಯೆಂದು ನನ್ನ ನಂಬಿಕೆ. ಆಜ್ಞೆ ಮೀರಿದುದನ್ನು ರುಜುವಾತುಪಡಿಸುವುದು ಸಂಸಾರದ ಹತ್ತು ವರ್ಷಗಳನ್ನು ರುಜುವಾತುಪಡಿಸುವುದಕ್ಕಿಂತ ಸುಲಭ.

"ಕಾಗದದ ಆಜ್ಞೆಗೆ ಯಾರು ಅಂಜುತ್ತಾರೆ?" ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದುದೇ. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲ ಮೇಲಿದೆ. ತಾಲ್ಲೂಕಿನ ಅಂಗನವಾಡಿಗಳ ಭಾರವೂ ಅವರದೇ. ಈ ಕೆಲಸಕ್ಕೆಂದೇ ಅಧಿಕಾರಿಯೊಬ್ಬರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದರೆ ಕಾಗದಕ್ಕೆ ಜೀವ ಬಂದೀತು. ಹೊಸ ಸೆರೆಮನೆಗಿಂತ ಮೊದಲು ಬೇಕಾದುದು ಅದು.

೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದಿತು. ಆಲೂರಿನಿಂದ ಹಾಸನಕ್ಕೆ ಹೋಗಲು ಹೆಣ್ಣುಮಗಳು ಸರ್ಕಾರಿ ಬಸ್ಸಿನ ಚಾರ್ಜಿಗಾಗಿ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲವೆಂದಾಯಿತು. ಯಾವ ದಂಡಸಂಹಿತೆಯೂ ತೆರೆಯದ ಬಾಗಿಲನ್ನು ಒಂದು ಟಿಕೆಟ್ಟು ತೆರೆಯಿತೆಂದು ಸಂತೋಷಪಟ್ಟೆ. ಆಮೇಲೆ ನೆನಪಾಯಿತು: ಆ ಟಿಕೆಟ್ಟು ಪಡೆಯಲು ಗುರುತಿನ ಚೀಟಿ ತೋರಿಸಬೇಕು. ಗುರುತಿನ ಚೀಟಿ ಬೀರುವಿನಲ್ಲಿದ್ದರೆ?

ಆದುದರಿಂದ ಕಾನೂನು ಕೇಳುವ ಮೊದಲು ನೆರೆಯವರಾದ ನಾವು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಆನೆಯ ಭಯ ಅವಳಿಗೆ ಮಾತ್ರವೋ, ಅವನಿಗೂ ಉಂಟೋ? ಬೆಳಕು ಹರಿದ ಮೇಲೆ ಆ ಭಯ ಮುಗಿಯುತ್ತದೆಯೋ? ಅವಳು "ನಾನು ಹೋಗಿಬರುತ್ತೇನೆ" ಎಂದರೆ ಆ ಮನೆಯಲ್ಲಿ ಏನಾಗುತ್ತದೆ? ಉತ್ತರ ಅಳುಕು ತರುವಂತಿದ್ದರೆ, "ಹೊಂದಿಕೊಂಡು ಹೋಗಮ್ಮ" ಎನ್ನಬೇಡಿ. ಮಹಿಳೆಯರಿಗಾಗಿಯೇ ಇರುವ ೧೮೧ ಸಹಾಯವಾಣಿಯನ್ನು ತಿಳಿಸಿ. ಕಾನೂನು ಸೇವಾ ಪ್ರಾಧಿಕಾರದ ನೆರವು ವರಮಾನ ಎಷ್ಟೇ ಇರಲಿ ಹೆಣ್ಣಿಗೆ ಉಚಿತವೆಂದು ಹೇಳಿ. ಸಾಧ್ಯವಾದರೆ ಕಚೇರಿಯವರೆಗೆ ಜೊತೆಯಲ್ಲಿ ಹೋಗಿ. ನಾನು ಅಂದು ಹೋಗಲಿಲ್ಲ.