ಮುಚ್ಚಳಕ್ಕೆ ಹಾಕಿಸಿದ ಬೋಲ್ಟು
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಪವಿತ್ರ ಕುಟುಂಬದ ಹಬ್ಬ ಬಂದಾಗಲೆಲ್ಲ ನನಗೆ ನಜರೇತಿನ ಮನೆಗಿಂತ ಮೊದಲು ನೆನಪಾಗುವುದು ನಮ್ಮ ಮನೆಯ ಒಂದು ಪ್ರೆಶರ್ ಕುಕ್ಕರ್. ನಗಬೇಡಿ. ಕಥೆ ಮುಗಿಯುವ ಹೊತ್ತಿಗೆ ನನಗಂತೂ ನಗು ಬರುವುದಿಲ್ಲ.

ಇಂದಿನ ಶುಭಸಂದೇಶವನ್ನು ಕೇಳಿದಿರಿ. ಪಾಸ್ಖ ಹಬ್ಬ ಮುಗಿದ ಮೇಲೆ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದುಬಿಡುತ್ತಾರೆ. ಮಗ ಯಾತ್ರಿಕರ ಗುಂಪಿನಲ್ಲಿ ಎಲ್ಲೋ ಇದ್ದಾನೆ ಎಂದುಕೊಂಡು ತಂದೆತಾಯಿ ಒಂದು ದಿನದ ದಾರಿ ನಡೆದುಬಿಡುತ್ತಾರೆ. ನಮ್ಮ ಮನೆಗಳಲ್ಲಾಗಿದ್ದರೆ ಆ ಸಂಜೆ ಏನಾಗುತ್ತಿತ್ತು? "ನಿನ್ನ ಜೊತೆ ಇದ್ದಾನೆ ಅಂದ್ಕೊಂಡೆ", "ಹೆತ್ತವಳಿಗೆ ಅಷ್ಟೂ ನಿಗಾ ಬೇಡವಾ?", "ನೀವೇನು ಮಾಡ್ತಿದ್ರಿ?" ಸಂತ ಲೂಕರು ಇಂಥ ಒಂದು ಮಾತನ್ನೂ ಬರೆದಿಲ್ಲ. ಮಗ ಸಿಕ್ಕಾಗ ಮಾತೆ ಮರಿಯಮ್ಮನವರು ತಮ್ಮ ಸಂಕಟದ ಜೊತೆ ಜೋಸೆಫರ ಸಂಕಟವನ್ನೂ ಸೇರಿಸಿ ಹೇಳುತ್ತಾರೆ, ಅದೂ ಜೋಸೆಫರನ್ನೇ ಮೊದಲು ಮಾಡಿ. ತಪ್ಪು ಯಾರದು ಎಂಬ ವಿಚಾರಣೆಯೇ ಅಲ್ಲಿಲ್ಲ. ನಮ್ಮ ಮನೆಯಲ್ಲಿ ವಿಚಾರಣೆ ನಡೆಯಿತು. ತೀರ್ಪೂ ಬಂತು. ತಪ್ಪು ತೀರ್ಪು.

2001ನೇ ಇಸವಿ, ಕ್ರಿಸ್ಮಸ್ ರಜೆ. ನಾನು ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದೆ. ನಮ್ಮೂರು ಕನಕಪುರ ಸೀಮೆಯದು. ಹುಳು ಸಾಕುವ ಮನೆ. ಶುಕ್ರವಾರ ಎಲ್ಲರೂ ಹಿಪ್ಪುನೇರಳೆ ತೋಟಕ್ಕೆ ಹೋಗುವಾಗ ಅತ್ತಿಗೆ ಕುಕ್ಕರಿನಲ್ಲಿ ಹುರುಳಿಕಾಳು ಇಟ್ಟು, "ಬ್ರದರ್, ನಾಕು ಸಲ ಕೂಗಿದ ಮೇಲೆ ಒಲೆ ಆರಿಸಿಬಿಡಿ" ಎಂದು ಹೇಳಿ ಹೋದರು. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತವನು ಮೈಮರೆತೆ. ಎಷ್ಟು ಸಲ ಕೂಗಿತೋ ದೇವರೇ ಬಲ್ಲ. ಕೊನೆಗೆ ಬುಸ್ಸೆಂದು ಮನೆ ತುಂಬ ಹಬೆ. ನೀರು ಬತ್ತಿ ಸೇಫ್ಟಿ ವಾಲ್ವ್ ಕರಗಿಹೋಗಿತ್ತು. ತಳ ಹಿಡಿದ ಕಾಳನ್ನು ಎಮ್ಮೆಗೆ ಹಾಕಿ, ಬೇರೆ ಕಾಳನ್ನು ಪಾತ್ರೆಯಲ್ಲಿ ಬೇಯಿಸಿಟ್ಟೆ. ಎಮ್ಮೆ ಯಾರಿಗೂ ಹೇಳಲಿಲ್ಲ.

ಮರುದಿನ "ಗ್ಯಾಸ್ಕೆಟ್ ಸಡಿಲವಾಗಿದೆ, ಹೊಸದು ಹಾಕಿಸಿಕೊಂಡು ಬರ್ತೀನಿ" ಎಂದು ಸುಳ್ಳು ಹೇಳಿ ಮುಚ್ಚಳ ಹಿಡಿದು ಪೇಟೆಗೆ ಹೋದೆ. ಆ ಕುಕ್ಕರಿನ ವಾಲ್ವ್ ಅಂಗಡಿಯಲ್ಲಿ ಮುಗಿದಿತ್ತು. ಸೋಮವಾರ ಬನ್ನಿ ಎಂದರು. ಸೋಮವಾರದವರೆಗೆ ಕಾದರೆ ನನ್ನ ಬಂಡವಾಳ ಬಯಲಾಗುತ್ತದೆ. ರಸ್ತೆಬದಿಯ ಒಬ್ಬ ರಿಪೇರಿಯವನು ಆ ತೂತಿಗೆ ವಾಷರ್ ಇಟ್ಟು ಒಂದು ಬೋಲ್ಟು ಬಿಗಿದುಕೊಟ್ಟ. "ಇದು ಜನ್ಮದಲ್ಲಿ ಹೋಗಲ್ಲ ಬಿಡಿ" ಎಂದ. ನನಗೆ ಹೆಮ್ಮೆಯೇ ಆಯಿತು. ಮನೆಯಲ್ಲಿ ಅವ್ವ, "ಸ್ವಾಮಿ ಆಗೋನು ಅಡುಗೆಮನೆ ಕೆಲಸಾನೂ ಕಲಿತ" ಎಂದು ನೆರೆಯವರಿಗೆಲ್ಲ ಹೇಳಿದಳು.

ಇಲ್ಲಿ ಒಂದು ಮಾತು, ತಾಯಂದಿರಿಗೆ ಮಾತ್ರವಲ್ಲ, ಗಂಡಸರಿಗೂ. ಕುಕ್ಕರಿನ ಒಳಗೆ ಒತ್ತಡ ಏರಿ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಅದಕ್ಕೇ ಕಾಳು ಬೇಗ ಬೇಯುವುದು. ಹೆಚ್ಚಾದ ಹಬೆ ಮೇಲಿನ ಗುಂಡನ್ನು ಎತ್ತಿ ಹೊರಹೋಗುತ್ತದೆ. ಆ ದಾರಿ ಕಟ್ಟಿಕೊಂಡರೆ, ಇಲ್ಲವೇ ನೀರು ಬತ್ತಿದರೆ, ಬೇಗ ಕರಗುವ ಲೋಹವಿರುವ ಆ ಪುಟ್ಟ ವಾಲ್ವ್ ಕರಗಿ ಇನ್ನೊಂದು ದಾರಿ ಬಿಡುತ್ತದೆ. 1679ರಲ್ಲಿ ಇಂಥ ಪಾತ್ರೆಯನ್ನು ಮೊದಲು ಮಾಡಿದ ಫ್ರಾನ್ಸಿನ ಡೆನಿಸ್ ಪಾಪಿನ್ ಕೂಡ ಪಾತ್ರೆ ಒಡೆಯಬಾರದೆಂದು ಅದಕ್ಕೊಂದು ಸುರಕ್ಷಾ ಕವಾಟವನ್ನು ಇಟ್ಟಿದ್ದ. ತಾನು ಕರಗಿ ಮನೆಯನ್ನು ಉಳಿಸುವ ವಾಲ್ವ್ ಎಂದ ಕೂಡಲೇ ನಮ್ಮ ಪ್ರಾಧ್ಯಾಪಕರೊಬ್ಬರು ಪ್ರಭುವಿನ ಬಲಿದಾನಕ್ಕೆ ಹೋಲಿಸಿಬಿಡುತ್ತಿದ್ದರು. ನಾನು ಅಷ್ಟು ದೂರ ಹೋಗುವುದಿಲ್ಲ. ಅದಕ್ಕೆ ಬೋಲ್ಟು ಹಾಕಿಸಿದವನು ನಾನು, ಅಷ್ಟೇ.

ಭಾನುವಾರ, ಡಿಸೆಂಬರ್ 30. ಇದೇ ಹಬ್ಬ. ಬಲಿಪೂಜೆ ಮುಗಿಸಿ ಬಂದೆವು. ನೆಂಟರು ಬಂದಿದ್ದರು, ಅವರೆಕಾಳಿನ ಕಾಲ. ಅತ್ತಿಗೆ ಕಾಳು, ಮಾಂಸ ಸೇರಿಸಿ ಕುಕ್ಕರ್ ಇಟ್ಟರು. ಬಹಳ ಹೊತ್ತಾದರೂ ಕೂಗಲಿಲ್ಲ. ಅವರೆಯ ಸಿಪ್ಪೆ ಮೇಲೆದ್ದು ನಳಿಗೆಗೆ ಕಚ್ಚಿಕೊಂಡಿತ್ತೆಂದು ಆಮೇಲೆ ತಿಳಿಯಿತು. ಅತ್ತಿಗೆ ಸೊಂಟದ ಮೇಲಿದ್ದ ಮೂರು ವರ್ಷದ ಮಗುವನ್ನು ಇಳಿಸಿ, "ಹೋಗು, ಚಿಕ್ಕಪ್ಪನ ಹತ್ರ ಆಡ್ಕೋ" ಎಂದು ಹೊರಗೆ ಕಳಿಸಿ, ಒಲೆ ಆರಿಸಲು ಕೈ ಚಾಚಿದರು. ಮಗು ಜಗಲಿಗೆ ಬಂದು ನನ್ನ ಮೊಣಕಾಲು ಹಿಡಿದುಕೊಂಡಿತು. ಆಗಲೇ ಆ ಸದ್ದು.

ಮುಚ್ಚಳ ಹೆಂಚನ್ನು ಒಡೆದು ಕೆಳಗೆ ಬಿದ್ದಿತ್ತು. ಅತ್ತಿಗೆಯ ಬಲಗೈ ಮೊಣಕೈವರೆಗೆ, ಕತ್ತಿನ ಒಂದು ಪಕ್ಕ, ಸುಟ್ಟಿತ್ತು. ಅಣ್ಣ ಅವರನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಸಂಜೆ ಕಟ್ಟು ಹಾಕಿಸಿಕೊಂಡು ಬಂದು ಕೂತವರಿಗೆ ಅವ್ವ, "ಬಾಯಿಗೆ ಕೊಡೋ ಗಮನ ಒಲೆಗೆ ಕೊಟ್ಟಿದ್ರೆ ಇದಾಗ್ತಿತ್ತಾ?" ಎಂದಳು. ಅಣ್ಣ, "ಗ್ಯಾಸ್ಕೆಟ್ ಹೊಸದು, ಮುಚ್ಚಳ ಸರಿ ಹಾಕಿಲ್ಲ ಇವಳು" ಎಂದ. ನೆಂಟರು ತಲೆಯಾಡಿಸಿದರು. ಅತ್ತಿಗೆ, "ನೀರು ಕಮ್ಮಿ ಹಾಕಿದ್ನೇನೋ" ಎಂದರು. ನಾನು ಅಲ್ಲೇ ಇದ್ದೆ. ಒಂದು ಮಾತೂ ಆಡಲಿಲ್ಲ. ಆ ರಾತ್ರಿ ಜಪಸರ ಮುನ್ನಡೆಸಿದವನು ನಾನೇ.

ಗುರುಮಠಕ್ಕೆ ಮರಳಿದೆ. ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡಿದೆ. ವಯಸ್ಸಾದ ಗುರುಗಳು, ಎಲ್ಲವನ್ನೂ ಕೇಳಿ, "ದೇವರು ಕ್ಷಮಿಸುತ್ತಾರೆ. ಆದರೆ ಆ ಹೆಣ್ಣುಮಗಳ ಹೆಸರನ್ನು ಹಿಂದಕ್ಕೆ ಕೊಡುವವರು ಯಾರು?" ಎಂದರು. ಇನ್ನೊಬ್ಬರ ಮಾನಕ್ಕೆ ಮಾಡಿದ ಹಾನಿಯನ್ನು ತುಂಬಿಕೊಡಬೇಕು ಎಂಬುದು ಧರ್ಮಸಭೆಯ ಬೋಧನೆಯೇ. ನಾನದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದೆ.

2002ರ ಮಾರ್ಚ್ 31, ಪುನರುತ್ಥಾನದ ಹಬ್ಬ. ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿದೆ. ಹುರುಳಿಕಾಳಿನಿಂದ ಹಿಡಿದು ಬೋಲ್ಟಿನವರೆಗೆ. ಅಣ್ಣ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೂತ. ಅತ್ತಿಗೆ ಮಾತ್ರ ಬಡಿಸುತ್ತಲೇ, "ನಂಗೊತ್ತಿತ್ತು. ಗುಜರಿಗೆ ಹಾಕೋ ಮುಂಚೆ ಮುಚ್ಚಳ ತೊಳೆಯುವಾಗ ನೋಡ್ದೆ" ಎಂದರು.

"ಮತ್ತೆ ಯಾಕೆ ಹೇಳಲಿಲ್ಲ ಅತ್ತಿಗೆ?"

"ಹೇಳಿದ್ರೆ ಯಾರು ನಂಬ್ತಿದ್ರು? ಸ್ವಾಮಿ ಆಗೋ ಮಗನ ಮೇಲೆ ಚಾಡಿ ಹೇಳ್ತಾಳೆ ಅಂತಿದ್ರು."

ಪ್ರಿಯರೇ, ಸುಟ್ಟ ಕೈಗಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಅವರು ಹೇಳಿದ್ದು ನಿಜ. ಆ ದಿನ ನಮ್ಮ ಮನೆಯಲ್ಲಿ ಎಲ್ಲರ ಮಾತಿಗೂ ಬೆಲೆಯಿತ್ತು, ನೆಂಟರ ಮಾತಿಗೂ ಇತ್ತು. ಗಾಯವಾದವರ ಮಾತಿಗೆ ಇರಲಿಲ್ಲ. ನಿಮ್ಮ ಮನೆಯಲ್ಲಿ ಯಾರು ಹೀಗೆ ಬಾಯಿ ಮುಚ್ಚಿಕೊಂಡಿದ್ದಾರೆ? ಸೊಸೆಯೋ, ಕೆಲಸಕ್ಕೆ ಬರುವ ಹುಡುಗಿಯೋ, ವಯಸ್ಸಾದ ಅತ್ತೆಯೋ? ಈ ಹಬ್ಬದ ಊಟಕ್ಕೆ ಕೂತಾಗ ಒಮ್ಮೆ ಅವರ ಮುಖ ನೋಡಿ.

ಕುಕ್ಕರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮುಚ್ಚಳ ಹಾಕುವ ಮೊದಲು ನಳಿಗೆಯ ತೂತನ್ನು ಬೆಳಕಿಗೆ ಹಿಡಿದು ನೋಡಿ. ಕಾಳು, ಬೇಳೆಯಾದರೆ ನೀರೂ ಸೇರಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ವಾಲ್ವ್ ಹೋದರೆ ಆ ಕುಕ್ಕರಿನದೇ ವಾಲ್ವ್ ಹಾಕಿಸಿ, ಬೆಲೆ ಹೆಚ್ಚಿನದಲ್ಲ. ಕೂಗಬೇಕಾದದ್ದು ಕೂಗದಿದ್ದರೆ ಒಲೆ ಆರಿಸಿ, ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ.

ಅವ್ವ ಅಂದು ಏನೂ ಅನ್ನಲಿಲ್ಲ. ಊಟ ಬಿಟ್ಟು ಒಳಗೆ ಹೋದಳು. ಮರುದಿನ ಬೆಳಿಗ್ಗೆ ನಾನೆದ್ದಾಗ ಹಿತ್ತಲ ಕಲ್ಲಿನ ಮೇಲೆ ಅತ್ತಿಗೆಯನ್ನು ಕೂರಿಸಿಕೊಂಡು, ಅವರ ಬಲಗೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಗಾಯ ಮಾಗಿ ಆಗಲೇ ತಿಂಗಳಾಗಿತ್ತು. ಅತ್ತಿಗೆ ಕೈ ಎಳೆದುಕೊಳ್ಳಲಿಲ್ಲ.

ಈಗಲೂ ನಾನು ಊರಿಗೆ ಹೋದರೆ ಅತ್ತಿಗೆ ಒಲೆ ಹಚ್ಚುವ ಮುಂಚೆ ಮುಚ್ಚಳವನ್ನು ನನ್ನ ಕೈಗೆ ಕೊಡುತ್ತಾರೆ. "ಸ್ವಾಮಿ, ಸ್ವಲ್ಪ ತೂತು ನೋಡಿ ಕೊಡಿ" ಎನ್ನುತ್ತಾರೆ. ನಾನು ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಹಿಡಿದು, ನೋಡಿ ಕೊಡುತ್ತೇನೆ.