ಒಂಟಿ ಈಡಿನ ಕೋವಿಗೆ ತಕ್ಕ ತೋಟೆ



ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರು ನಿಮ್ಮಲ್ಲಿ ಅನೇಕರಿರಬಹುದು. ಹುಲಿಯ ಗರ್ಜನೆಯನ್ನೂ ಕಾಡಿನ ಇರುಳನ್ನೂ ಉಸಿರು ಬಿಗಿಹಿಡಿದು ಓದುತ್ತೇವೆ. ನಡುವೆ 405 ಎಂದೋ 450 ಎಂದೋ ಒಂದು ಅಂಕಿ ಬಂದರೆ, ಅಡಿಟಿಪ್ಪಣಿಯನ್ನು ದಾಟುವಂತೆ ದಾಟಿಬಿಡುತ್ತೇವೆ. ಈ ಹೊತ್ತು ನಾನು ಆ ಅಂಕಿಗಳ ವಿಚಾರವನ್ನೇ ಹೇಳಬೇಕೆಂದಿದ್ದೇನೆ. ಅದರಲ್ಲಿಯೂ, ಒಂದು ಸಲಕ್ಕೆ ಒಂದೇ ಈಡನ್ನು ಹಿಡಿಯುವ ರೈಫಲಿಗೆ ಹಿಂದಿನವರು ಯಾವ ತೋಟೆಯನ್ನು ಆರಿಸುತ್ತಿದ್ದರು, ಏಕೆ ಆರಿಸುತ್ತಿದ್ದರು ಎಂಬುದನ್ನು. 1972ರ ವನ್ಯಜೀವಿ ಸಂರಕ್ಷಣಾ ಶಾಸನ ಬಂದಮೇಲೆ ಮೋಜಿನ ಬೇಟೆಗೆ ನಮ್ಮಲ್ಲಿ ಎಡೆಯಿಲ್ಲ; ನಮ್ಮ ಬಯಲಿನ ಚಿಗರೆ ಆ ಶಾಸನದ ಮೊದಲನೆಯ ಅನುಸೂಚಿಗೆ ಸೇರಿದ ಪ್ರಾಣಿ. ಆದುದರಿಂದ ನನ್ನ ಮಾತನ್ನು ಯಾರೂ ಬೇಟೆಗೆ ಕೊಟ್ಟ ವೀಳ್ಯವೆಂದು ಭಾವಿಸಬಾರದು.

ಈ ವಿಷಯದಲ್ಲಿ ನನಗೆ ಮೊದಲ ಪಾಠ ಹೇಳಿದವರು ರಾಯಚೂರು ತಾಲ್ಲೂಕಿನ ಗುಂಜಹಳ್ಳಿಯಲ್ಲಿದ್ದ ನಮ್ಮ ತಾತನವರು. ಅವರ ಕೋವಿ ನಾನು ಹುಟ್ಟುವ ಮೊದಲೇ ಸರ್ಕಾರಕ್ಕೆ ಸೇರಿಹೋಗಿತ್ತು. ಉಳಿದಿದ್ದುದು ಹಿತ್ತಾಳೆಯ ಒಂದು ಬರಿದಾದ ತೋಟೆ, ಮತ್ತು ತಾತನವರ ಮಾತು. ಗುಂಡಿನ ತೂಕವನ್ನು ಅವರು ಇಂಗ್ಲಿಷರ ಗ್ರೇನುಗಳಲ್ಲಿ ಹೇಳಿದವರಲ್ಲ. ಅಕ್ಕಸಾಲಿಗರಂತೆ ಗುಂಜಿಗಳಲ್ಲಿ ಹೇಳುತ್ತಿದ್ದರು. ಊರ ಹೆಸರಿಗೆ ಒಪ್ಪುವ ಲೆಕ್ಕವೇ ಸರಿ. 1833ರಲ್ಲಿ ಕಂಪೆನಿ ಸರ್ಕಾರ ಗೊತ್ತುಮಾಡಿದ ತೊಲ 180 ಗ್ರೇನಿನದು. ತೊಲಕ್ಕೆ 96 ಗುಂಜಿಯಾದರೆ, ಒಂದು ಗುಂಜಿ ಎರಡು ಗ್ರೇನಿಗೆ ತುಸು ಕಡಮೆ. ನಾನೂ ಆ ತಕ್ಕಡಿಯಲ್ಲಿಯೇ ತೂಗುತ್ತೇನೆ.

1871ರಲ್ಲಿ ಇಂಗ್ಲಿಷರ ಸೇನೆಗೆ ಬಂದ ಮಾರ್ಟಿನಿ-ಹೆನ್ರಿ ರೈಫಲನ್ನು ಮೊದಲು ನೋಡೋಣ. ಹಿಡಿಯ ಕೆಳಗಿನ ಸನ್ನೆಯನ್ನು ಒತ್ತಿದರೆ ನಳಿಗೆಯ ಹಿಂಬಾಯಿ ತೆರೆಯುತ್ತದೆ. ಒಂದು ತೋಟೆಯನ್ನಿಟ್ಟು ಸನ್ನೆಯನ್ನು ಮೇಲಕ್ಕೆಳೆದರೆ ಮುಚ್ಚುತ್ತದೆ. ಅದರ ಗುಂಡು 256 ಗುಂಜಿ, ಎಂದರೆ ಎರಡೂಮುಕ್ಕಾಲು ತೊಲಕ್ಕೆ ಸಮೀಪ. ಕರಿಮದ್ದಿನ ಬಲದಿಂದ ಅದು ಸೆಕೆಂಡಿಗೆ ಸುಮಾರು 1350 ಅಡಿ ಓಡುತ್ತಿತ್ತು. ಕೇಳಲು ಭಾರಿಯಾಗಿದೆ. ಆದರೆ 100 ಗಜಕ್ಕೆ ಗುರಿಯನ್ನು ಹೊಂದಿಸಿಕೊಂಡು 200 ಗಜದಲ್ಲಿರುವ ಪ್ರಾಣಿಗೆ ಹೊಡೆದರೆ, ಆ ಗುಂಡು ನೋಟಕ್ಕಿಂತ ಸುಮಾರು ಒಂದೂವರೆ ಮೊಳ ಕೆಳಗೆ ಇಳಿದಿರುತ್ತದೆ. ಚಿಗರೆಯ ಎದೆಯಲ್ಲಿ ಪ್ರಾಣವಿರುವ ಜಾಗವೋ ಒಂದು ಗೇಣಿಗಿಂತ ಹೆಚ್ಚಿಲ್ಲ.

ಹೊಗೆಯಿಲ್ಲದ ಮದ್ದು ಬಂದಮೇಲೆ ಈ ಇಳಿತ ಕಡಮೆಯಾಯಿತು. ಹೊಗೆಯಿಲ್ಲದ ಮದ್ದು ತುಂಬಿದ 303ರ ಮೊದಲ ತೋಟೆಯ ಗುಂಡು 115 ಗುಂಜಿ, ವೇಗ ಸೆಕೆಂಡಿಗೆ 2000 ಅಡಿಯ ಆಸುಪಾಸು; ಅದೇ ದೂರದಲ್ಲಿ ಇಳಿತ ಸುಮಾರು ಒಂದು ಅಡಿ. ಹಾಗಾದರೆ ಬೇಟೆಗಾರರೆಲ್ಲ 303ನ್ನೇ ಕೊಳ್ಳಬಹುದಾಗಿತ್ತಲ್ಲ ಎಂದು ನೀವು ಕೇಳಬಹುದು. ಕೊಳ್ಳಬಹುದಾಗಿತ್ತು, ಸರ್ಕಾರ ಬಿಟ್ಟಿದ್ದರೆ! ಸೈನ್ಯದ ತೋಟೆ ಪ್ರಜೆಗಳ ಕೈಗೆ ಸಿಕ್ಕಬಾರದೆಂಬುದು ಅಂದಿನ ರಾಜನೀತಿ. ಪ್ರಜೆಯ ಕೈಯಿಂದ ಆಯುಧವನ್ನು ಕಿತ್ತುಕೊಳ್ಳಹೊರಟ 1857ರ ಕಾನೂನಿಗೆ ಮುಧೋಳದ ಕಡೆಯ ಹಲಗಲಿಯ ಬೇಡರು ಏನು ಉತ್ತರ ಕೊಟ್ಟರು, ಅದಕ್ಕೆ ಎಂತಹ ಬೆಲೆ ತೆತ್ತರು ಎಂಬುದನ್ನು ನಮ್ಮ ಲಾವಣಿಕಾರರು ಮರೆತಿಲ್ಲ, ಆಳುವವರೂ ಮರೆತಿರಲಿಲ್ಲ. 1907ರಲ್ಲಿ 450ರ ತೋಟೆ ಇಂಡಿಯಾಕ್ಕೆ ಬಾರದಂತೆ ತಡೆಯಾಯಿತು. ಹಳೆಯ ಮಾರ್ಟಿನಿಗಳಿಗೆ ಅದರಿಂದ ಮದ್ದುಗುಂಡು ಒದಗೀತೆಂಬ ಭಯ. ಲಂಡನ್ನಿನ ಕೋವಿಯ ವ್ಯಾಪಾರಿಗಳು ಕೂಡಲೆ 465, 470 ಎಂದು ಅಂಕಿಯನ್ನು ಅಷ್ಟಿಷ್ಟು ಬದಲಿಸಿ ಬೇರೆ ತೋಟೆಗಳನ್ನು ಮಾಡಿದರು. 303ರ ಬದಲಿಗೆ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪೆನಿಯವರು ಆಸ್ಟ್ರಿಯದ ಒಂದು ಸೈನಿಕ ತೋಟೆಯನ್ನು ತಂದು 315 ಎಂದು ಹೆಸರಿಟ್ಟರು. ಅದರ ಗುಂಡು 130 ಗುಂಜಿ. ಇಂಗ್ಲಿಷರು ಹೋದರು, 315 ಉಳಿಯಿತು. ಸ್ವತಂತ್ರ ಭಾರತದ ಆಯುಧ ಕಾರ್ಖಾನೆಗಳೂ ಆ ರೈಫಲನ್ನು ಮಾಡುತ್ತ ಬಂದವು. ತೋಟೆಯನ್ನು ಆರಿಸುವವನು ತಾನೇ ಆರಿಸಿದೆನೆಂದು ತಿಳಿಯುತ್ತಾನೆ. ಅರ್ಧ ಆಯ್ಕೆಯನ್ನು ಕಾನೂನು ಮೊದಲೇ ಮಾಡಿರುತ್ತದೆ.

ಉಳಿದರ್ಧದಲ್ಲಿ ಮೊದಲು ನೋಡಬೇಕಾದುದು ತೋಟೆಯ ಅಂಚು. ಒಂಟಿ ಈಡಿನ ಕೋವಿಗೆ, ಬುಡದಲ್ಲಿ ಬಳೆಯಂತೆ ಹೊರಚಾಚಿದ ಅಂಚುಳ್ಳ ತೋಟೆಯೇ ಲೇಸು. ಸುಟ್ಟ ತೋಟೆಯನ್ನು ಹೊರಕ್ಕೆಳೆಯುವ ಕೊಂಡಿಗೆ ಹಿಡಿತ ಸಿಕ್ಕುವುದು ಆ ಅಂಚಿನಲ್ಲಿ. ಕಾರ್ಬೆಟ್ಟನ ಕೈಯಲ್ಲಿ ಪ್ರಸಿದ್ಧವಾದ 275 ಸೊಗಸಾದ ತೋಟೆ, ಸಂದೇಹವಿಲ್ಲ. ಆದರೆ ಅದು ಅಂಚಿಲ್ಲದ್ದು, ಐದು ತೋಟೆಗಳನ್ನು ಒಡಲಲ್ಲಿಟ್ಟುಕೊಳ್ಳುವ ಮೌಸರ್ ರೈಫಲಿಗಾಗಿ ಹುಟ್ಟಿದ್ದು. ಆಂಡರ್ಸನ್ನನ 405ಕ್ಕೆ ಅಂಚಿದೆ. ವಿಂಚೆಸ್ಟರ್ ಕಂಪೆನಿ ಅದನ್ನು ತನ್ನ ಒಂಟಿ ಈಡಿನ ರೈಫಲಿಗೂ ಹೊಂದಿಸಿತ್ತು. ಅದರ 160 ಗುಂಜಿಯ ಗುಂಡು ಹುಲಿಗೆ ಸರಿ, ಚಿಗರೆಗೆ ಅತಿಯಾಯಿತು. ಅದೂ ಅಲ್ಲದೆ, ಗಾಯಗೊಂಡ ಹುಲಿಯ ಎದುರಿಗೆ ಒಂದೇ ಈಡಿನ ಕೋವಿಯನ್ನು ಹಿಡಿದು ನಿಲ್ಲುವುದನ್ನು ನಾನು ಶೌರ್ಯವೆಂದು ಕರೆಯಲಾರೆ.

ಇನ್ನು ಬಿಸಿಲು. ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ವರ್ಣನೆ ಬೇಡ. ಕಾರ್ಡೈಟ್ ಮದ್ದು ಕಾದಷ್ಟೂ ಅದರ ಒತ್ತಡ ಏರುತ್ತದೆ. ಒತ್ತಡ ಏರಿದರೆ ಹಿತ್ತಾಳೆ ನಳಿಗೆಯ ಗೋಡೆಗೆ ಕಚ್ಚಿಕೊಳ್ಳುತ್ತದೆ; ಮಾರ್ಟಿನಿಯಂತಹ ಕೋವಿಯ ಸನ್ನೆಗೆ ಅದನ್ನು ಬಿಡಿಸುವಷ್ಟು ಬಲವಿಲ್ಲ. ಅದಕ್ಕಾಗಿಯೇ ಉಷ್ಣದೇಶಗಳಿಗೆಂದು ಮಾಡಿದ ಇಂಗ್ಲಿಷ್ ತೋಟೆಗಳು ಉದ್ದವಾಗಿರುತ್ತಿದ್ದವು: ದೊಡ್ಡ ಒಡಲು, ಸಾಧಾರಣ ಒತ್ತಡ.

ನಮ್ಮ ತಾತನವರ ತೋಟೆ ಈ ಜಾತಿಯದು. ಹಾಲಂಡ್ ಅವರು 1899ರಲ್ಲಿ ಹೊರತಂದ, ಎರಡೂವರೆ ಅಂಗುಲ ಉದ್ದದ, ಅಂಚುಳ್ಳ 375. ಗುಂಡು 144 ಗುಂಜಿ, ಸರಿಯಾಗಿ ಒಂದೂವರೆ ತೊಲ; ವೇಗ ಸುಮಾರು 2000 ಅಡಿ. ಅದಕ್ಕಿಂತ ಹಗುರವಾಗಿ ವೇಗವಾಗಿ ಓಡುವ ತೋಟೆಗಳೂ ಅವರ ಕಾಲಕ್ಕೆ ಬಂದಿದ್ದವು. ಅವನ್ನೇಕೆ ಕೊಳ್ಳಲಿಲ್ಲವೆಂದು ನಾನು ಹುಡುಗತನದಲ್ಲಿ ಕೇಳಿದೆ. ತಾತನವರು ನನ್ನನ್ನು ಹೊಲದ ಬದುವಿನ ಮೇಲೆ ನಿಲ್ಲಿಸಿ, "ಎದುರಿಗೆ ಏನು ಕಾಣತೈತಿ?" ಎಂದರು. ಎರೆಯ ಬಯಲು, ಬಿಳಿಜೋಳ, ಆಚೆಗೆ ಆಕಾಶ. "ಗುಡ್ಡ ಐತೇನು?" ಇರಲಿಲ್ಲ. "ಹಂಗಾದ್ರ ತಪ್ಪಿದ ಗುಂಡು ಎಲ್ಲಿ ನಿಲ್ಲಬೇಕು?"

ಆ ಪ್ರಶ್ನೆಗೆ ಯಾವ ವ್ಯಾಪಾರಿಯ ಪಟ್ಟಿಯಲ್ಲಿಯೂ ಉತ್ತರವಿರುವುದಿಲ್ಲ. ಮಲೆನಾಡಿನಲ್ಲಿ ತಪ್ಪಿದ ಗುಂಡನ್ನು ಮರವೋ ದಿಣ್ಣೆಯೋ ನುಂಗುತ್ತದೆ. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಬಯಲಿನಲ್ಲಿ ರೈಫಲಿನ ಗುಂಡು ಒಂದು ಮೈಲಿಗೂ ಮಿಗಿಲಾಗಿ ಹೋಗಬಲ್ಲದು. ಆ ಒಂದು ಮೈಲಿಯೊಳಗೆ ಕುರಿ ಕಾಯುವವನಿರುತ್ತಾನೆ, ಕಳೆ ಕೀಳುವ ಹೆಂಗಸರಿರುತ್ತಾರೆ. ಗುರಿಗೆ ತಗುಲಿದ ಗುಂಡೂ ಪ್ರಾಣಿಯನ್ನು ಹಾಯ್ದು ಆಚೆಗೆ ಹೋಗಬಹುದು. ಆದುದರಿಂದ ತಾತನವರು ಮೂತಿ ಮೆತ್ತಗಿರುವ ಗುಂಡನ್ನೇ ತರಿಸುತ್ತಿದ್ದರು. ಅಂತಹ ಗುಂಡು ಒಡಲೊಳಗೆ ಅರಳಿ, ಬಹುಮಟ್ಟಿಗೆ ಅಲ್ಲಿಯೇ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಕಲ್ಕತ್ತೆಯ ಬಳಿಯ ದಮ್‌ದಮ್ಮಿನಲ್ಲಿ 1890ರ ದಶಕದಲ್ಲಿ ಸೈನ್ಯಕ್ಕೆಂದು ಮಾಡಿದ, 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ನಿಷೇಧಿಸಿದ ಗುಂಡು ಇದೇ ಬಗೆಯದು. ಮನುಷ್ಯರ ಯುದ್ಧದಲ್ಲಿ ಕ್ರೂರವೆನಿಸಿದ್ದು ಬೇಟೆಯಲ್ಲಿ ದಯೆಯ ಪಕ್ಷಕ್ಕೆ ಸೇರಿತು.

ಇಷ್ಟೆಲ್ಲ ವಿಚಾರಮಾಡಿ ಆರಿಸಿದ ತೋಟೆಯೂ ಒಂದು ಸಂಜೆ ತಾತನವರ ಕೈಯಲ್ಲಿ ಸೋತಿತು. ಮಾಗಿಯ ಜೋಳ ಇನ್ನೂ ಮೊಣಕಾಲುದ್ದ. ಕರಿಯ ಹೋರಿಚಿಗರೆಯೊಂದು ಬದುವಿನ ಆಚೆ ನಿಂತಿತ್ತು. ಮರವಿಲ್ಲದ, ಏರುತಗ್ಗಿಲ್ಲದ ನೆಲದಲ್ಲಿ ದೂರವನ್ನು ಅಳೆಯಲು ಕಣ್ಣಿಗೆ ಆಸರೆಯೇ ಇರುವುದಿಲ್ಲ. 120 ಗಜವೆಂದು ತಾತನವರು ಅಂದಾಜುಮಾಡಿ ಹೊಡೆದರು. ಅನಂತರ ಹೆಜ್ಜೆಯಿಟ್ಟು ಎಣಿಸಿದರೆ ಇನ್ನೂರಕ್ಕೆ ಎರಡೋ ಮೂರೋ ಕಡಮೆ. ಒಂದಡಿ ಕೆಳಗಿಳಿದ ಗುಂಡು ಮುಂಗಾಲನ್ನು ಮುರಿದಿತ್ತು. ಸನ್ನೆಯನ್ನು ಒತ್ತಿ ಇನ್ನೊಂದು ತೋಟೆಯನ್ನು ಏರಿಸುವಷ್ಟರಲ್ಲಿ ಪ್ರಾಣಿ ಮೂರು ಕಾಲಿನ ಮೇಲೆಯೇ ಮಸುಕಿನಲ್ಲಿ ಮರೆಯಾಯಿತು. ಲಾಂದ್ರ ಹಿಡಿದು ನಡುರಾತ್ರಿಯವರೆಗೆ ಹುಡುಕಿದರು. ಮರುದಿನ ಹೊತ್ತೇರಿದಮೇಲೆ ಒಂದು ಹಳ್ಳದ ದಂಡೆಯಲ್ಲಿ ಸಿಕ್ಕಿತು, ಇನ್ನೂ ಜೀವವಿತ್ತು. ಇದನ್ನು ಹೇಳುವಾಗ ತಾತನವರು ನನ್ನ ಮುಖವನ್ನು ನೋಡುತ್ತಿರಲಿಲ್ಲ.

ಅವರ ಕೋವಿಯ ನಳಿಗೆಯ ಮೇಲೆ ಗುರಿನೋಟದ ಮೂರು ಎಲೆಗಳಿದ್ದವು: ನಿಂತಿರುವ ಒಂದು 100 ಗಜಕ್ಕೆ, ಮಡಿಸಿ ಎತ್ತುವ ಎರಡು 200ಕ್ಕೂ 300ಕ್ಕೂ. ಆ ವಾರವೇ ರಾಯಚೂರಿಗೆ ಹೋಗಿ ಕಮ್ಮಾರನಿಂದ ಮಡಿಸುವ ಎರಡು ಎಲೆಗಳನ್ನೂ ತೆಗೆಸಿಹಾಕಿದರಂತೆ. ತೋಟೆಯನ್ನು ಬದಲಿಸಲಿಲ್ಲ. ಅಲ್ಲಿಂದ ಮುಂದೆ ಬದುವಿನ ಮರೆಯಲ್ಲಿ ಹೊಟ್ಟೆಯ ಮೇಲೆ ತೆವಳಿ ನೂರು ಗಜದೊಳಕ್ಕೆ ಹೋಗಲಾದರೆ ಈಡು, ಆಗದಿದ್ದರೆ ಇಲ್ಲ. ಬಹಳ ದಿನ ಬರಿಗೈಯಲ್ಲಿಯೇ ಮನೆಗೆ ಬರುತ್ತಿದ್ದರೆಂದು ನಮ್ಮ ಅಜ್ಜಿ ನಗುತ್ತ ಹೇಳುತ್ತಿದ್ದರು.